ವೈದ್ಯಭಗಿನಿ ಮೇರಿ ಗ್ಲೌರಿ

1957ರ ಮೇ 5ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಮೂಲದ ಒಬ್ಬ ಧರ್ಮಭಗಿನಿ ಕ್ಯಾನ್ಸರ್ ರೋಗದಿಂದ ಬಳಲಿ ದೈವಾಧೀನರಾದರು. ಆಗ ಅವರಿಗೆ 69 ವರ್ಷ. ಅದರಲ್ಲಿ 37 ವರ್ಷಗಳು ಭಾರತದಲ್ಲಿಯೇ ಕಳೆದಿದ್ದವು. ಸನ್ಯಾಸ ಜೀವನದಲ್ಲಿ ಅವರ ಹೆಸರು ಪವಿತ್ರ ಹೃದಯದ ಸಿಸ್ಟರ್ ಮೇರಿ; ಲೋಕಕ್ಕೆ ಅವರು ಡಾಕ್ಟರ್ ಮೇರಿ ಗ್ಲೌರಿ. ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದವರು ಎಂದು ಆರೋಗ್ಯಸೇವೆಯಲ್ಲಿರುವ ಭಗಿನಿಯರು ಅವರನ್ನು ಇಂದಿಗೂ ಸ್ಮರಿಸುತ್ತಾರೆ. ಆದರೆ ಅವರ ಬದುಕಿನ ಇನ್ನೊಂದು ಮುಖದ ಕಡೆಗೆ ನಮ್ಮ ಗಮನ ಹರಿದಿರುವುದು ಕಡಿಮೆ. ಕಲಿಯುವವರ ಕೈಗಳನ್ನು ಕಣ್ಣಿಟ್ಟು ನೋಡಿ ತಿದ್ದಬೇಕಾದ ಹಿರಿಯರ ಹೊಣೆ ಎಂಥದು ಎಂಬುದನ್ನು ಆ ಬದುಕು ಹೇಳುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರಿಗೆ ಇದು ದೂರದ ವಿಷಯವಲ್ಲ. ನಮ್ಮ ದವಾಖಾನೆಗಳಲ್ಲಿ ರಾತ್ರಿಯ ಹೊತ್ತು ರೋಗಿಯನ್ನು ಮೊದಲು ಮುಟ್ಟುವುದು ಹೆಚ್ಚಾಗಿ ಎಳೆಯ ವೈದ್ಯರ ಕೈಯೇ.

ಮೇರಿ ಗ್ಲೌರಿ 1887ರ ಜೂನ್ 23ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಿರಗರಾ ಎಂಬ ಊರಿನಲ್ಲಿ ಹುಟ್ಟಿದರು. ಐರಿಷ್ ಮೂಲದ ಭಕ್ತ ಕುಟುಂಬ. ಒಂಬತ್ತು ಮಕ್ಕಳಲ್ಲಿ ಇವರು ಮೂರನೆಯವರು. ಮುಂದೆ ಕುಟುಂಬ ಒಣ ಬಯಲು ಸೀಮೆಯ ವಾಚೆಮ್ ಎಂಬಲ್ಲಿ ನೆಲೆಸಿತು. ಮಳೆ ಕೈಕೊಟ್ಟರೆ ಬದುಕೇ ಕೈಕೊಡುವ ಅಂಥ ನೆಲದ ಬಗೆ ಭೀಮಾ ತೀರದಿಂದ ನಾಲ್ಕು ಹರದಾರಿ ಆಚೆಗಿರುವ ನಮ್ಮ ರೈತರಿಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ಪ್ರತಿದಿನ ಜಪಸರ ಪ್ರಾರ್ಥನೆ ನಡೆಯುತ್ತಿತ್ತು. ಒಳ್ಳೆಯ ಗುರುಗಳಿಗಾಗಿ, ಒಳ್ಳೆಯ ವೈದ್ಯರಿಗಾಗಿ ಒಂದು ನಮೋ ಮರಿಯ ಹೇಳುವುದನ್ನು ತಾಯಿ ಮಕ್ಕಳಿಗೆ ರೂಢಿ ಮಾಡಿಸಿದ್ದರಂತೆ. ಗುರುಗಳನ್ನೂ ವೈದ್ಯರನ್ನೂ ಒಂದೇ ಪ್ರಾರ್ಥನೆಯಲ್ಲಿ ಇಟ್ಟ ಆ ತಾಯಿಯ ಬುದ್ಧಿ ದೊಡ್ಡದು. ಇಬ್ಬರ ಎದುರಿಗೂ ಮನುಷ್ಯ ತನ್ನ ಮರೆಗಳನ್ನೆಲ್ಲ ಕಳಚಿಟ್ಟು ಬರುತ್ತಾನೆ.

ವಿದ್ಯಾರ್ಥಿವೇತನ ಪಡೆದು ಮೇರಿ ಮೆಲ್ಬರ್ನಿಗೆ ಬಂದರು. ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಭಾಗಕ್ಕೆ ಸೇರಿ, ಬಳಿಕ ವೈದ್ಯಶಾಸ್ತ್ರದ ಕಡೆಗೆ ಹೊರಳಿದರು. 1910ರಲ್ಲಿ ಪದವಿ ದೊರೆಯಿತು. ಆದರೆ ಪದವಿ ದೊರೆತ ಮಾತ್ರಕ್ಕೆ ವೈದ್ಯರಾಗುವುದಿಲ್ಲವೆಂಬುದು ಆಗಲೇ ಸರ್ವರಿಗೂ ತಿಳಿದಿದ್ದ ಸಂಗತಿ. ಆಸ್ಪತ್ರೆಯಲ್ಲಿ ವಾಸವಿದ್ದು, ಹಿರಿಯ ವೈದ್ಯರ ಕಣ್ಣೆದುರಿಗೆ ಹಾಸಿಗೆಯಿಂದ ಹಾಸಿಗೆಗೆ ನಡೆದು, ಮುಟ್ಟಿ ನೋಡಿ, ತಪ್ಪಿದರೆ ತಿದ್ದಿಸಿಕೊಂಡು ಕಲಿಯಬೇಕು. ಮೆಲ್ಬರ್ನಿನ ಆಸ್ಪತ್ರೆಗಳಲ್ಲಿ ಅಂಥ ಅವಕಾಶ ಹೆಂಗಸರಿಗೆ ಸಿಗುವುದು ಆಗ ಬಹು ಕಷ್ಟವಾಗಿತ್ತು. ತರಗತಿಯಲ್ಲಿ ಕುಳಿತು ಓದಲು ಅಡ್ಡಿಯಿಲ್ಲ, ಪರೀಕ್ಷೆ ಬರೆಯಲು ಅಡ್ಡಿಯಿಲ್ಲ. ರೋಗಿಯ ಬಳಿ ನಿಂತು ಕಲಿಯುವಾಗ ಮಾತ್ರ ಬಾಗಿಲು ಮುಚ್ಚುತ್ತಿತ್ತು. ಮೇರಿ ಸಮುದ್ರ ದಾಟಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಆಸ್ಪತ್ರೆಗೆ ಹೋದರು. 1911ರಲ್ಲಿ ಅಲ್ಲಿ ನಿವಾಸಿ ವೈದ್ಯೆಯಾಗಿ ತರಬೇತಿ ಪಡೆದು ಮರುವರ್ಷ ಮೆಲ್ಬರ್ನಿಗೆ ಮರಳಿದರು.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದವರಿಗೆ ಇಲ್ಲಿ ಅರಿಸ್ಟಾಟಲನ ಒಂದು ವಿಚಾರ ನೆನಪಾಗದೆ ಇರದು. ವೈದ್ಯನು ಗುಣಪಡಿಸುವುದು ಮನುಷ್ಯ ಎಂಬ ಸಾಮಾನ್ಯ ತತ್ವವನ್ನಲ್ಲ. ಕ್ಯಾಲಿಯಸ್ ಎಂಬ, ಸಾಕ್ರಟೀಸ್ ಎಂಬ, ಹೆಸರುಳ್ಳ ಒಬ್ಬೊಬ್ಬ ಮನುಷ್ಯನನ್ನು. ಆದ್ದರಿಂದ ಶಾಸ್ತ್ರ ತಿಳಿದು ಅನುಭವವಿಲ್ಲದ ವೈದ್ಯ ಎಡವುವ ಸಂಭವ ಹೆಚ್ಚು ಎಂದು ಆತ ಎಚ್ಚರಿಸಿದ್ದ. ಸಂತ ಥಾಮಸ್ ಅಕ್ವಿನಾಸರು ಆ ಗ್ರಂಥಕ್ಕೆ ಭಾಷ್ಯ ಬರೆದಾಗ ಈ ವಿಚಾರವನ್ನು ಒಪ್ಪಿ ಮುಂದುವರಿಸಿದರು. ಪುಸ್ತಕದಲ್ಲಿರುವ ಹೆರಿಗೆ ಒಂದು, ಆಳಂದದ ಮಗ್ಗುಲ ಹಳ್ಳಿಯಿಂದ ಟಂಟಂನಲ್ಲಿ ಕೂತು ಬಂದ ರಕ್ತಹೀನ ಬಸುರಿಯ ಹೆರಿಗೆ ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಓದಿನಿಂದ ದಾಟಲಾಗದು. ಅನುಭವಸ್ಥನೊಬ್ಬ ಪಕ್ಕದಲ್ಲಿ ನಿಂತು ದಾಟಿಸಬೇಕು.

ಪಕ್ಕದಲ್ಲಿ ನಿಂತು ನೋಡುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯ ಕಥೆ ಸಾಕ್ಷಿ. ಅದು ಮೇರಿ ಹುಟ್ಟುವುದಕ್ಕೆ 40 ವರ್ಷಗಳ ಹಿಂದಿನ ಮಾತು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಮತ್ತೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಯರು ಜ್ವರ ಬಂದು ಸಾಯುವುದು ಸೂಲಗಿತ್ತಿಯರ ವಿಭಾಗಕ್ಕಿಂತ ಎಷ್ಟೋ ಪಾಲು ಹೆಚ್ಚು. ಬಡ ಹೆಂಗಸರು ಆ ವಿಭಾಗಕ್ಕೆ ತಮ್ಮನ್ನು ಕಳುಹಿಸಬೇಡಿರೆಂದು ಅಂಗಲಾಚುತ್ತಿದ್ದರು. ಅಲ್ಲಿ ಸಹಾಯಕನಾಗಿದ್ದು ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಹೊಣೆ ಹೊತ್ತಿದ್ದವನು ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್. 1847ರಲ್ಲಿ ಅವನ ಸ್ನೇಹಿತನಾದ ಪ್ರಾಧ್ಯಾಪಕನೊಬ್ಬ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚೂರಿ ತಗುಲಿ, ಬಾಣಂತಿ ಜ್ವರದಂಥದೇ ಲಕ್ಷಣಗಳಿಂದ ಸತ್ತ. ಆಗ ಸೆಮ್ಮೆಲ್‌ವೈಸನಿಗೆ ಹೊಳೆಯಿತು: ವಿದ್ಯಾರ್ಥಿಗಳು ಶವದ ಕೋಣೆಯಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದಾರೆ, ಸಾವು ಬರುತ್ತಿರುವುದು ಅವರ ಕೈಗಳ ಮೂಲಕ. ಅದೇ ಮೇ ತಿಂಗಳ ನಡುವಿನಿಂದ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಬಾರದೆಂದು ಕಟ್ಟು ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನಿನಲ್ಲಿ ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಆ ವಿದ್ಯಾರ್ಥಿಗಳು ದುಷ್ಟರಾಗಿರಲಿಲ್ಲ, ಸೋಮಾರಿಗಳೂ ಅಲ್ಲ. ಅವರ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದವರು ಅದುವರೆಗೆ ಇರಲಿಲ್ಲ, ಅಷ್ಟೆ. ಸೆಮ್ಮೆಲ್‌ವೈಸನಿಗೆ ಹಿರಿಯರಿಂದ ಸಿಕ್ಕಿದ್ದು ಅವಜ್ಞೆ. ಅವನ ಹುದ್ದೆಯನ್ನು ಮುಂದುವರಿಸಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.

ಮತ್ತೆ ಮೇರಿಯವರ ಕಥೆಗೆ ಬರೋಣ. ಮೆಲ್ಬರ್ನಿನಲ್ಲಿ ಅವರು ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿಯೂ, ಕಣ್ಣು ಕಿವಿಗಳ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸಿದರು. ನಗರದ ಪ್ರತಿಷ್ಠಿತ ಕಾಲಿನ್ಸ್ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯವಿತ್ತು. ಸುಖವಾಗಿ ಬಾಳಲು ಬೇಕಾದದ್ದೆಲ್ಲ ಇತ್ತು. 1915ರ ಅಕ್ಟೋಬರ್ 24, ಭಾನುವಾರ, ಅವರು ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಅವರನ್ನು ಕುರಿತ ಒಂದು ಚಿಕ್ಕ ಪುಸ್ತಿಕೆಯನ್ನು ಓದಿದರು. ಸ್ಕಾಟ್ಲೆಂಡಿನ ಈ ಮಹಿಳೆ ತನ್ನ ನಾಡಿನಲ್ಲಿ ವೈದ್ಯಪದವಿಗೆ ಅವಕಾಶವಿಲ್ಲದೆ ಫ್ರಾನ್ಸಿಗೆ ಹೋಗಿ ಓದಿದವರು. ನಡುವಯಸ್ಸು ದಾಟಿದ ಮೇಲೆ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದವರು. ಎಪ್ಪತ್ತು ದಾಟಿದ ಮುಪ್ಪಿನಲ್ಲಿ ಭಾರತಕ್ಕೆ ಬಂದು, ರಾವಲ್ಪಿಂಡಿಯಲ್ಲಿ ಮಹಿಳೆಯರ ಆಸ್ಪತ್ರೆಗೆ ನೆರವಾದವರು. ಇಲ್ಲಿ ಪರದೆಯೊಳಗಿನ ಹೆಂಗಸರು ಗಂಡು ವೈದ್ಯರ ಮುಂದೆ ಬರಲಾರದೆ, ಹೆಣ್ಣು ವೈದ್ಯರು ಇಲ್ಲದೆ, ಹೆರಿಗೆಯಲ್ಲಿ ತಾಯಿಯೂ ಮಗುವೂ ಸಾಯುವುದನ್ನು ಅವರು ಕಂಡಿದ್ದರು. ಪುಸ್ತಿಕೆಯನ್ನು ಓದಿ ಮುಗಿಸಿದ ಮೇರಿ ಮೊಣಕಾಲೂರಿದರು. ಎದ್ದಾಗ ತಮ್ಮ ಜೀವನದ ಕೆಲಸವೇನೆಂಬುದು ಅವರಿಗೆ ನಿಶ್ಚಯವಾಗಿತ್ತು.

ಆದರೂ ಅವರು ಅವಸರಪಡಲಿಲ್ಲ. ಮರುವರ್ಷ ವಿಕ್ಟೋರಿಯಾದ ಕಥೋಲಿಕ ಮಹಿಳೆಯರ ಸಮಾಜಸೇವಾ ಸಂಘಟನೆಗೆ ಮೊದಲ ಅಧ್ಯಕ್ಷೆಯಾಗಿ ಅದರ ಹೊಣೆ ಹೊತ್ತರು. ಜೊತೆಗೆ ಓದನ್ನೂ ಮುಂದುವರಿಸಿ, 1919ರ ಕೊನೆಗೆ ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರಚಿಕಿತ್ಸೆಗಳಲ್ಲಿ ಎಂ.ಡಿ. ಪದವಿ ಪಡೆದರು. ಭಾರತದ ಬಡ ಹೆಂಗಸಿಗೆ ಅರೆಬರೆ ಕಲಿತ ವೈದ್ಯೆ ಸಾಕೆಂಬ ಭಾವನೆ ಅವರಲ್ಲಿ ಇರಲಿಲ್ಲ. ದೂರದ ಊರುಗಳಿಗೆ ಎಂಥವರನ್ನಾದರೂ ಕಳಿಸಿದರೆ ನಡೆದೀತು ಎಂಬ ಧೋರಣೆಯನ್ನು ಕಂಡುಂಡ ನಮ್ಮ ಸೀಮೆಯವರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

1920ರ ಜನವರಿಯಲ್ಲಿ ಹಡಗು ಹತ್ತಿದ ಅವರು ಫೆಬ್ರವರಿಯಲ್ಲಿ ಮದರಾಸು ತಲುಪಿ, ಅಲ್ಲಿಂದ ಗುಂಟೂರಿಗೆ ಬಂದರು. ಅಲ್ಲಿ ಸೇವೆಯಲ್ಲಿದ್ದ ಹಾಲೆಂಡ್ ಮೂಲದ ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ಇಲ್ಲೊಂದು ತೊಡಕು ಇತ್ತು. ಸನ್ಯಾಸಿನಿಯರು ವೈದ್ಯವೃತ್ತಿ ಮಾಡುವುದನ್ನು, ವಿಶೇಷವಾಗಿ ಹೆರಿಗೆ ಮಾಡಿಸುವುದನ್ನು, ಧರ್ಮಸಭೆಯ ಅಂದಿನ ಕಟ್ಟಳೆ ಒಪ್ಪುತ್ತಿರಲಿಲ್ಲ. ಯೂರೋಪಿನಲ್ಲಿ ಕುಳಿತು ವ್ರತಜೀವನದ ರಕ್ಷಣೆಗಾಗಿ ಮಾಡಿದ ಕಟ್ಟಳೆ ಅದು; ಉದ್ದೇಶ ಒಳ್ಳೆಯದೇ. ಆದರೆ ಅದರ ಬೆಲೆ ತೆತ್ತವರು ಭಾರತದ ತಾಯಂದಿರು. ಮೆಕ್ಲಾರೆನ್ ಅವರು ಇದಕ್ಕಾಗಿಯೇ ರೋಮಿಗೆ ಹಲವು ಬಾರಿ ಹೋಗಿ ಅಹವಾಲು ಸಲ್ಲಿಸಿ, 1913ರಲ್ಲಿ ಫಲ ಕಾಣದೆ ಕಣ್ಣು ಮುಚ್ಚಿದ್ದರು. ಸಿಸ್ಟರ್ ಮೇರಿಯವರಿಗೆ ಪರಮಾಧ್ಯಕ್ಷ ಪೋಪ್ ಹದಿನೈದನೆಯ ಬೆನೆಡಿಕ್ಟರಿಂದ ವಿಶೇಷ ಅನುಮತಿ ದೊರೆಯಿತು. ಎಲ್ಲ ಸನ್ಯಾಸಿನಿಯರಿಗೂ ಬಾಗಿಲು ತೆರೆದದ್ದು ಮುಂದೆ 1936ರಲ್ಲಿ.

ಗುಂಟೂರಿನಲ್ಲಿ ಸಣ್ಣ ಔಷಧಾಲಯದಿಂದ ಆರಂಭವಾದ ಕೆಲಸ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. 1927ರಿಂದ 1936ರವರೆಗಿನ ಅವಧಿಯಲ್ಲಿ 6,37,000ಕ್ಕೂ ಹೆಚ್ಚು ರೋಗಿಗಳಿಗೆ ಅಲ್ಲಿ ಆರೈಕೆ ದೊರೆಯಿತು ಎಂದು ಲೆಕ್ಕ ಸಿಗುತ್ತದೆ. ಬಹುಕಾಲ ಅಲ್ಲಿ ವೈದ್ಯಪದವಿ ಪಡೆದ ಸನ್ಯಾಸಿನಿ ಅವರೊಬ್ಬರೇ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ತಾನಾಗಿ ತಿಳಿಯುತ್ತದೆ. ಅಷ್ಟು ಜನರನ್ನು ಎರಡು ಕೈಗಳು ಮುಟ್ಟಲಾರವು. ಬೇರೆ ಕೈಗಳು ಬೇಕು. ಆ ಕೈಗಳನ್ನು ಅವರೇ ತಯಾರು ಮಾಡಬೇಕು. ಸ್ಥಳೀಯ ಹೆಣ್ಣುಮಕ್ಕಳನ್ನು ಶುಶ್ರೂಷಕಿಯರಾಗಿ, ಸೂಲಗಿತ್ತಿಯರಾಗಿ, ಕಂಪೌಂಡರುಗಳಾಗಿ ಅವರು ತರಬೇತಿಗೊಳಿಸಿದರು. ನಾಡಿನ ಗಿಡಮೂಲಿಕೆಗಳ ಗುಣಗಳನ್ನೂ ಅಭ್ಯಾಸ ಮಾಡಿ ಔಷಧಿಗಳಿಗೆ ಬಳಸಿಕೊಂಡರು.

ಕಂಪೌಂಡರ್ ಎಂಬ ಮಾತು ಇಂದಿನ ತರುಣರಿಗೆ ಅಷ್ಟು ಪರಿಚಿತವಲ್ಲ. ಔಷಧಿ ಸಿದ್ಧ ಮಾತ್ರೆಯಾಗಿ ಬರದಿದ್ದ ಆ ದಿನಗಳಲ್ಲಿ ಪುಡಿಯನ್ನು ತೂಗಿ, ದ್ರಾವಣವನ್ನು ಅಳೆದು, ಬೆರೆಸಿ, ಸೀಸೆಗೆ ತುಂಬಿ, ಸೀಸೆಯ ಮೇಲೆ ಕಾಗದದ ಗುರುತು ಅಂಟಿಸಿ ಕೊಡುವುದು ಕಂಪೌಂಡರನ ಕೆಲಸ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಸರಿದರೂ ಔಷಧಿ ವಿಷವಾಗಬಹುದು. ಇಂಥ ಕೆಲಸವನ್ನು ಹೇಳಿ ಕಲಿಸಲು ಬರುವುದಿಲ್ಲ. ಮಾಡಿ ತೋರಿಸಬೇಕು, ಕಲಿಯುವವಳಿಂದ ಮಾಡಿಸಬೇಕು, ಮಾಡುವಾಗ ಪಕ್ಕದಲ್ಲಿರಬೇಕು. ಹೆರಿಗೆಯ ಕೆಲಸದಲ್ಲಂತೂ ಕೇಳುವುದೇ ಬೇಡ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ತಿಳಿಯುವ ವಿದ್ಯೆ ಬೆರಳ ತುದಿಯದು. ಕಲಿಯುವವಳು ತಲೆ ಮೇಲಿದೆ ಎನ್ನುತ್ತಾಳೆ. ಬಲ್ಲವಳು ಅದೇ ಜಾಗದಲ್ಲಿ ತನ್ನ ಕೈಯಿಟ್ಟು ನೋಡಿದಾಗಲೇ ಆ ಮಾತು ಸರಿಯೋ ತಪ್ಪೋ ಗೊತ್ತಾಗುವುದು. ನೋಡುವ ಕಣ್ಣಿಗೆ ಇಲ್ಲಿ ಇಬ್ಬರ ಹೊಣೆಯಿದೆ: ಕಲಿಯುತ್ತಿರುವವಳದೂ, ಮಲಗಿರುವವಳದೂ. ಇವರಲ್ಲಿ ಒಬ್ಬರನ್ನು ಮರೆತರೂ ಶಿಕ್ಷಣ ಕೆಟ್ಟಿತು. ಮಲಗಿರುವವಳನ್ನು ಮರೆತರೆ ಆಕೆ ಪಾಠದ ಸಾಮಗ್ರಿಯಾಗುತ್ತಾಳೆ. ಕಲಿಯುತ್ತಿರುವವಳನ್ನು ಮರೆತರೆ, ಅವಳ ಕೈಯಿಂದ ಕೆಲಸ ಕಿತ್ತುಕೊಂಡು ತಾನೇ ಮಾಡಿ ಮುಗಿಸುವ ಚಾಳಿ ಹಿರಿಯರಿಗೆ ಹತ್ತುತ್ತದೆ. ಎರಡನೆಯದು ಮೇಲ್ನೋಟಕ್ಕೆ ಕರುಣೆಯಂತೆ ಕಾಣುವುದರಿಂದ ಹೆಚ್ಚು ಅಪಾಯಕರ ಎಂದು ನನಗನಿಸುತ್ತದೆ.

1943ರಲ್ಲಿ, ಮಹಾಯುದ್ಧದ ನಡುವೆ, ಸಿಸ್ಟರ್ ಮೇರಿಯವರ ಮುಂದಾಳತ್ವದಲ್ಲಿ 16 ಮಂದಿ ಭಗಿನಿಯರು ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಚದುರಿದಂತೆ ದುಡಿಯುತ್ತಿದ್ದ ಆಸ್ಪತ್ರೆಗಳು ಒಬ್ಬರಿಂದೊಬ್ಬರು ಕಲಿಯಬೇಕು, ಒಂದು ಮಟ್ಟವನ್ನು ಕಾಯ್ದುಕೊಳ್ಳಬೇಕೆಂಬುದು ಅವರ ಆಶಯ. ಈ ಸಂಘದ ಸದಸ್ಯ ಸಂಸ್ಥೆಗಳು ಈಗ ಮೂರು ಸಾವಿರವನ್ನು ಮೀರಿವೆ. ಅವುಗಳಲ್ಲಿ ಹೆಚ್ಚಿನವು ಹಳ್ಳಿಗಳ ಚಿಕ್ಕ ಔಷಧಾಲಯಗಳೇ. ಇದರ ಜೊತೆಗೆ ಅವರಿಗೆ ಇನ್ನೊಂದು ಕನಸಿತ್ತು. ಭಾರತದಲ್ಲಿ ಒಂದು ಕಥೋಲಿಕ ವೈದ್ಯಕೀಯ ಕಾಲೇಜು ಬೇಕು. ಇಲ್ಲಿನ ಮಕ್ಕಳು, ವಿಶೇಷವಾಗಿ ಸನ್ಯಾಸಿನಿಯರು, ಇಲ್ಲಿಯೇ ಪೂರ್ಣ ವೈದ್ಯರಾಗಬೇಕು. ರೋಗಿಯ ಬಳಿ ನಿಂತು ಕಲಿಯಲು ಸಮುದ್ರ ದಾಟಬೇಕಾಗಿ ಬಂದವರಿಗೆ ಆ ಕನಸಿನ ಬೆಲೆ ಚೆನ್ನಾಗಿ ತಿಳಿದಿತ್ತು. ಅದು ಕೈಗೂಡುವ ಮೊದಲೇ ಅವರು ಬೆಂಗಳೂರಿನಲ್ಲಿ ರೋಗಿಯಾಗಿ ಮಲಗಿದರು. ಅವರು ಕಣ್ಮುಚ್ಚಿದ ಆರು ವರ್ಷಗಳಿಗೆ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಓದು ಮುಗಿಸಿದವರು ಕೆಲಕಾಲ ಹಿಂದುಳಿದ ಪ್ರದೇಶಗಳ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ ಕರಾರನ್ನು ಆ ಕಾಲೇಜು ರೂಢಿಗೆ ತಂದಿತು. ಧರ್ಮಸಭೆಯು 2013ರಲ್ಲಿ ಮೇರಿ ಗ್ಲೌರಿಯವರನ್ನು ದೇವಸೇವಕಿ ಎಂದು ಘೋಷಿಸಿತು.

ಅದೇ 1963ರಲ್ಲಿ ನಮ್ಮ ಕಲಬುರಗಿಯಲ್ಲಿಯೂ ಮಹಾದೇವಪ್ಪ ರಾಂಪುರೆಯವರ ಹೆಸರಿನ ವೈದ್ಯಕೀಯ ಕಾಲೇಜು ಆರಂಭವಾಯಿತು. ನಿಜಾಮರ ಕಾಲದಲ್ಲಿ ವೈದ್ಯಕೀಯ ಓದಿಗಾಗಿ ಹೈದರಾಬಾದಿನ ದಾರಿ ಹಿಡಿಯಬೇಕಾಗಿದ್ದ ಈ ಭಾಗಕ್ಕೆ ಅದು ದೊಡ್ಡ ವರ. 2013ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ, ಇ.ಎಸ್.ಐ. ಕಾಲೇಜೂ ಬಂದವು. ಹೀಗಾಗಿ ಜಿಲ್ಲೆಯಲ್ಲಿ ಕಲಿಯುವ ಕೈಗಳಿಗೆ ಈಗ ಕೊರತೆಯಿಲ್ಲ. ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಅವುಗಳಲ್ಲಿ ಇದ್ದಾರೆ.

ದೇಶದ ವೈದ್ಯಕೀಯ ಶಿಕ್ಷಣದಲ್ಲಿ 2019ರಿಂದ ಹೊಸ ಪಠ್ಯಕ್ರಮ ಜಾರಿಗೆ ಬಂದಿದೆ. ವಿದ್ಯಾರ್ಥಿಯು ಎಷ್ಟು ಬಲ್ಲ ಎಂಬುದರ ಜೊತೆಗೆ ಏನನ್ನು ಮಾಡಬಲ್ಲ ಎಂಬುದನ್ನೂ ಅದು ಕೇಳುತ್ತದೆ. ಹಿರಿಯರು ಮಾಡಿ ತೋರಿಸಬೇಕು, ಕಿರಿಯರು ನೋಡಬೇಕು, ಅನಂತರ ಜೊತೆಗೂಡಬೇಕು, ಕೊನೆಗೆ ಹಿರಿಯರ ಸಮ್ಮುಖದಲ್ಲಿ ತಾವೇ ಮಾಡಬೇಕು. ಹೆರಿಗೆ ಮಾಡಿಸುವುದು, ಗಾಯಕ್ಕೆ ಹೊಲಿಗೆ ಹಾಕುವುದು, ರಕ್ತನಾಳಕ್ಕೆ ಸೂಜಿ ಚುಚ್ಚುವುದು ಮೊದಲಾದವನ್ನು ಮಾಡಿದಾಗಲೆಲ್ಲ ಅದು ವಿದ್ಯಾರ್ಥಿಯ ದಾಖಲೆ ಪುಸ್ತಕದಲ್ಲಿ ಏರಬೇಕು. ನೋಡಿದ ಹಿರಿಯರು ಸಹಿ ಮಾಡಬೇಕು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಎಂಬ ಪ್ರಾಧ್ಯಾಪಕರು 1975ರಲ್ಲಿ ರೂಪಿಸಿದ ಪರೀಕ್ಷಾ ಕ್ರಮವೂ ಈಗ ಇಲ್ಲಿ ಬಳಕೆಯಲ್ಲಿದೆ. ವಿದ್ಯಾರ್ಥಿ ಮೇಜಿನಿಂದ ಮೇಜಿಗೆ ಹೋಗುತ್ತ ನಿಗದಿತ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುತ್ತಾನೆ. ಪರೀಕ್ಷಕರು ಕೈಯಲ್ಲಿ ಪಟ್ಟಿ ಹಿಡಿದು ಒಂದೊಂದು ಹೆಜ್ಜೆಯನ್ನೂ ಗುರುತಿಸುತ್ತಾರೆ. ಸೂಜಿ ಚುಚ್ಚುವ ಮುನ್ನ ರೋಗಿಗೆ ತಿಳಿಸಿದನೇ, ಕೈ ತೊಳೆದನೇ ಎಂಬುದಕ್ಕೂ ಅಲ್ಲಿ ಅಂಕಗಳಿವೆ. ಸೆಮ್ಮೆಲ್‌ವೈಸ್ ಇದ್ದಿದ್ದರೆ ಸಂತೋಷಪಡುತ್ತಿದ್ದ.

ಕ್ರಮ ಒಳ್ಳೆಯದು. ಭಯವಿರುವುದು ಸಹಿಯ ವಿಷಯದಲ್ಲಿ. ವರ್ಷದ ಕೊನೆಗೆ ಪುಸ್ತಕಗಳು ರಾಶಿಯಾಗಿ ಮೇಜಿನ ಮೇಲೆ ಬಂದು ಬಿದ್ದಾಗ, ಕಾಣದ ಕೆಲಸಕ್ಕೂ ಕಂಡೆನೆಂದು ಸಹಿ ಹಾಕುವ ಪ್ರಲೋಭನೆ ಯಾವ ಕಾಲದಲ್ಲಿಯೂ, ಯಾವ ವೃತ್ತಿಯಲ್ಲಿಯೂ ಇದ್ದದ್ದೇ. ಹಿರಿಯರ ಕಷ್ಟವೂ ಸುಳ್ಳಲ್ಲ. ಹೊರರೋಗಿಗಳ ಸಾಲು ಬಾಗಿಲ ಆಚೆಗೂ ಬೆಳೆದಿರುವಾಗ ಒಬ್ಬ ಹೌಸ್ ಸರ್ಜನ್ನನ ಪಕ್ಕದಲ್ಲಿ ಕಾಲು ಗಂಟೆ ಸುಮ್ಮನೆ ನಿಲ್ಲುವುದು ಅವರಿಗೆ ಸುಲಭವಲ್ಲ. ಆದರೂ ಕಾಣದ್ದನ್ನು ಕಂಡೆನೆಂದು ಬರೆದು ಕೊಡುವುದಕ್ಕೆ ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದು ಇಟ್ಟಿರುವ ಹೆಸರು ಸುಳ್ಳುಸಾಕ್ಷಿ. ಮತ್ತು ಈ ಸುಳ್ಳುಸಾಕ್ಷಿಯಿಂದ ನೋಯುವವರು ಆ ಕೋಣೆಯಲ್ಲಿ ಇರುವುದಿಲ್ಲ. ಅವರು ಬಹುಶಃ ಇನ್ನೆರಡು ವರ್ಷಗಳ ಬಳಿಕ ಅಫಜಲಪುರದ ಯಾವುದೋ ಹಳ್ಳಿಯಿಂದ ಬರಲಿರುವ ತಾಯಿ ಮಗು.

ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲಿ ಕಾಯಿದೆ ಮಾಡಿದಾಗ ಪರ ವಿರೋಧ ಚರ್ಚೆ ಬಹಳ ನಡೆಯಿತು. ಯುವ ವೈದ್ಯರು ಹಳ್ಳಿಗೆ ಬರಲೊಲ್ಲರು ಎಂಬ ದೂರನ್ನು ನಾವು ಎತ್ತರದ ದನಿಯಲ್ಲಿ ಹೇಳಿದೆವು. ಬಂದವರ ಬೆನ್ನ ಹಿಂದೆ ಯಾರಿದ್ದಾರೆ ಎಂದು ಕೇಳಿದವರು ಕಡಿಮೆ. ತೊಗರಿ ಹೊಲದಲ್ಲಿ ಹಾವು ಕಚ್ಚಿದ ಒಕ್ಕಲಿಗನನ್ನು ನಡುರಾತ್ರಿ ಹೊತ್ತು ತರುತ್ತಾರೆ. ಮಗು ಹುಟ್ಟಿದ ಮೇಲೆ ರಕ್ತ ನಿಲ್ಲದ ಬಾಣಂತಿ ಕಣ್ಣೆದುರೇ ಬಿಳಿಚಿಕೊಳ್ಳುತ್ತಾಳೆ. ಜೇವರ್ಗಿಯಿಂದಾಗಲಿ ಆಳಂದದಿಂದಾಗಲಿ ಕಲಬುರಗಿಗೆ ನಲವತ್ತು ಕಿಲೋಮೀಟರುಗಳಷ್ಟು ದೂರ. ಅಫಜಲಪುರದಿಂದ ಇನ್ನೂ ಹೆಚ್ಚು. ಬಾಣಂತಿಯ ರಕ್ತಸ್ರಾವ ಅಷ್ಟು ದೂರ ಕಾಯುವುದಿಲ್ಲ. ಗರ್ಭಕೋಶವನ್ನು ಹೊರಗಿನಿಂದ ನೀವಿ ಬಿಗಿಗೊಳಿಸುವುದು, ಸರಿಯಾದ ಚುಚ್ಚುಮದ್ದನ್ನು ಆ ಕ್ಷಣದಲ್ಲಿ ಕೊಡುವುದು, ಅಷ್ಟರಲ್ಲಿಯೇ ವಾಹನಕ್ಕೆ ಫೋನ್ ಮಾಡಿಸುವುದು ಆ ಎಳೆಯ ವೈದ್ಯೆಯ ಕೈಗೆ ಬಂದಿರಬೇಕು. ತರಬೇತಿಯ ದಿನಗಳಲ್ಲಿ ಯಾರಾದರೂ ನಿಂತು ನೋಡಿ, ಹೀಗಲ್ಲ ಹೀಗೆ ಎಂದು ಅವಳ ಬೆರಳುಗಳನ್ನು ಸರಿಪಡಿಸಿದ್ದರೆ ಮಾತ್ರ ಅದು ಬಂದಿರುತ್ತದೆ.

ಹೌಸ್ ಸರ್ಜನ್ನರು ತಮ್ಮ ಸರದಿಯಂತೆ ಗ್ರಾಮಾಂತರದ ದವಾಖಾನೆಗಳಿಗೂ ಬರುತ್ತಾರೆ. ಸರದಿ ಮುಗಿದು ಊರು ಬಿಡುವ ದಿನ ದಾಖಲೆ ಪುಸ್ತಕ ಹಿಡಿದು ಅಲ್ಲಿನ ಹಿರಿಯ ವೈದ್ಯರ ಬಾಗಿಲಲ್ಲಿ ನಿಲ್ಲುತ್ತಾರೆ.